ಬೆನ್ನುನೋವು: ಬಗೆ ಗುರುತಿಸಿ, ಕಾರಣ ಹುಡುಕಿ, ಮರುಕಳಿಸದಂತೆ ತಡೆಯುವ ಕ್ರಮ

ನೆಲಕ್ಕೆ ಬಿದ್ದ ಪೆನ್ನನ್ನು ಎತ್ತಿಕೊಳ್ಳಲು ಬಗ್ಗಿದವರು ಮೇಲೇಳಲಾಗದೆ, ಒಂದು ಕೈಯನ್ನು ನಡುವಿನ ಮೇಲಿಟ್ಟುಕೊಂಡು ಅರ್ಧಕ್ಕೇ ನಿಂತುಬಿಡುತ್ತಾರೆ. ಸೊಂಟ ಹಿಡಿದುಕೊಂಡಿತು ಎನ್ನುತ್ತಾರೆ. ಆಮೇಲೆ ವಾರಗಟ್ಟಲೆ ಆ ಪೆನ್ನನ್ನೇ ದೂರುತ್ತಾರೆ. ಕೆಲವೇ ಗ್ರಾಂ ತೂಗುವ ಪೆನ್ನು ಯಾರ ಬೆನ್ನನ್ನೂ ಕೆಡಿಸಲಾರದು. ತಿಂಗಳುಗಳಿಂದ ತಪ್ಪಿಹೋದ ನಡಿಗೆ, ಅಂದು ಬೆಳಗಿನಿಂದ ಕದಲದೆ ಕುಳಿತದ್ದು, ಹಿಂದಿನ ಎರಡು ರಾತ್ರಿಗಳ ಅರೆನಿದ್ದೆ, ಯಾವುದೋ ಚಿಂತೆಯಿಂದ ಬಿಗಿದುಕೊಂಡೇ ಇದ್ದ ಸ್ನಾಯುಗಳು, ಇವೆಲ್ಲ ಸೇರಿ ಪೆನ್ನಿನ ನೆಪದಲ್ಲಿ ಹೊರಬಿದ್ದಿರುತ್ತವೆ. ಆದ್ದರಿಂದ ಬೆನ್ನುನೋವನ್ನು ತಡೆಯಬೇಕೆನ್ನುವವರು ನೋವು ಕಾಣಿಸಿಕೊಂಡ ಕ್ಷಣವನ್ನಲ್ಲ, ಅದರ ಹಿಂದಿನ ದಿನಗಳನ್ನು ಪರಿಶೀಲಿಸಬೇಕಾಗುತ್ತದೆ. ಈ ಲೇಖನದ ಕ್ರಮವೂ ಅದೇ: ನೋವು ಅಪಾಯದ್ದೇ ಎಂದು ಮೊದಲು ನೋಡಿಕೊಳ್ಳುವುದು, ಬಳಿಕ ಅದರ ಬಗೆಯನ್ನು ಗುರುತಿಸುವುದು, ಮೊದಲ ಎರಡು ವಾರಗಳನ್ನು ದಾಟುವುದು, ಆಮೇಲೆ ದಿನಚರಿಯಲ್ಲಿ ಕಾರಣವನ್ನು ಹುಡುಕಿ ತಿದ್ದಿಕೊಳ್ಳುವುದು.

ಈ ತೊಂದರೆ ಅಪರೂಪದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನರು ಕೆಳಬೆನ್ನಿನ ನೋವಿನಿಂದ ಬಳಲುತ್ತಿದ್ದರು. 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿಗೆ ಏರಬಹುದೆಂದು ಅದು ಲೆಕ್ಕ ಹಾಕಿದೆ. ಜನರನ್ನು ದೈನಂದಿನ ಕೆಲಸಗಳಿಂದ ದೂರವಿಡುವ ಕಾರಣಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಬೆನ್ನಿನ ರಚನೆಯ ಬಗ್ಗೆ ತಿಳಿದಿರಬೇಕಾದಷ್ಟು

ಬೆನ್ನುಮೂಳೆಯಲ್ಲಿ ಬಿಡಿಬಿಡಿಯಾಗಿ ಚಲಿಸುವ 24 ಮಣಿಗಳಿವೆ: ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಕೆಳಬೆನ್ನಿನಲ್ಲಿ 5. ಅವುಗಳ ಕೆಳಗೆ, ಮಣಿಗಳು ಒಂದಕ್ಕೊಂದು ಬೆಸೆದುಕೊಂಡು ಆದ ತ್ರಿಕಾಸ್ಥಿ ಮತ್ತು ಬಾಲಮೂಳೆ ಇವೆ. ಕುತ್ತಿಗೆಯ ಮೇಲಿನ ಎರಡು ಮಣಿಗಳ ನಡುವೆ ಹೊರತುಪಡಿಸಿ ಉಳಿದೆಡೆ ಪ್ರತಿ ಎರಡು ಮಣಿಗಳ ನಡುವೆ ಒಂದು ಮೆತ್ತೆಯಂತಹ ಡಿಸ್ಕ್ ಇರುತ್ತದೆ. ಡಿಸ್ಕಿನ ಹೊರಭಾಗ ಪದರಪದರವಾದ ಗಟ್ಟಿ ನಾರಿನ ಉಂಗುರ. ಒಳಭಾಗ ನೀರಿನಂಶ ತುಂಬಿದ ಲೋಳೆಯಂತಹ ತಿರುಳು. ಡಿಸ್ಕ್ ಜಾರಿತು ಎಂಬ ಮಾತು ಎಲ್ಲೆಡೆ ಬಳಕೆಯಲ್ಲಿದೆಯಾದರೂ ಅದು ಜನರನ್ನು ಅನಗತ್ಯವಾಗಿ ಹೆದರಿಸುವ ಮಾತೆಂದೇ ನನ್ನ ಭಾವನೆ. ಡಿಸ್ಕ್ ಮೇಲಿನ ಮತ್ತು ಕೆಳಗಿನ ಮಣಿಗಳಿಗೆ ಭದ್ರವಾಗಿ ಅಂಟಿಕೊಂಡಿರುವುದರಿಂದ ಅದು ಸಾಬೂನಿನಂತೆ ಜಾರಿ ಹೊರಬರುವುದಿಲ್ಲ. ಉಂಗುರ ಸಡಿಲಗೊಂಡು ಉಬ್ಬುತ್ತದೆ, ಇಲ್ಲವೇ ಬಿರುಕು ಬಿಟ್ಟು ಒಳಗಿನ ತಿರುಳು ಸ್ವಲ್ಪ ಹೊರಚಾಚುತ್ತದೆ. ಪಕ್ಕದಲ್ಲೇ ಹಾದುಹೋಗುವ ನರದ ಬೇರಿಗೆ ಅದು ತಾಗಿದಾಗ ಕಾಲಿಗೆ ನೋವು ಇಳಿಯುತ್ತದೆ.

ಡಿಸ್ಕಿನ ಬಗ್ಗೆ ಇನ್ನೂ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ವಯಸ್ಕರ ಡಿಸ್ಕಿಗೆ ನೇರವಾದ ರಕ್ತಪೂರೈಕೆ ಬಹುತೇಕ ಇಲ್ಲ. ಸುತ್ತಲಿನ ಅಂಗಾಂಶದಿಂದ ನಿಧಾನವಾಗಿ ಒಸರಿ ಬರುವ ಪೋಷಕಾಂಶಗಳೇ ಅದಕ್ಕೆ ಆಧಾರ. ಭಾರ ಬಿದ್ದಾಗ ಡಿಸ್ಕಿನಿಂದ ದ್ರವ ಹೊರಹೋಗುತ್ತದೆ, ಭಾರ ಇಳಿದಾಗ ಮರಳಿ ಒಳಬರುತ್ತದೆ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುವುದರಿಂದ ಬೆಳಿಗ್ಗೆ ನಾವು ಸಂಜೆಗಿಂತ ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ಎತ್ತರವಿರುತ್ತೇವೆ. ಹೀಗೆ ತುಂಬಿಕೊಂಡ ಡಿಸ್ಕ್ ಬಗ್ಗಿದಾಗ ಹೆಚ್ಚು ಬಿಗಿತಕ್ಕೆ ಒಳಗಾಗುತ್ತದೆ. ಎದ್ದ ಮೊದಲ ಒಂದು ಗಂಟೆಯಲ್ಲಿ ಪೂರ್ತಿ ಬಗ್ಗಿ ಭಾರ ಎತ್ತುವುದನ್ನು, ಕಾಲ್ಬೆರಳು ಮುಟ್ಟುವ ವ್ಯಾಯಾಮವನ್ನು ಬೆನ್ನುನೋವಿರುವವರು ಬಿಡಬೇಕೆನ್ನುವುದು ಈ ಕಾರಣಕ್ಕಾಗಿ.

ಮೊದಲ ಹೆಜ್ಜೆ: ಕಾಯಬಾರದ ನೋವು ಯಾವುದೆಂದು ನೋಡಿಕೊಳ್ಳುವುದು

ಬೆನ್ನುನೋವಿನ ಬಹುಪಾಲು ಪ್ರಕರಣಗಳು ಅಪಾಯಕಾರಿಯಲ್ಲ. ಆದರೆ ಕೆಲವು ಲಕ್ಷಣಗಳು ಕಂಡಾಗ ಮನೆಮದ್ದು, ಮಾಲೀಸು, ನಾಳೆ ನೋಡೋಣವೆಂಬ ಧೋರಣೆ ಯಾವುದೂ ಸಲ್ಲದು.

ಎಲ್ಲಕ್ಕಿಂತ ತುರ್ತಾದದ್ದು ನರಗಳ ಗೊಂಚಲಿನ ಮೇಲೆ ಬೀಳುವ ಒತ್ತಡ. ಬೆನ್ನುಹುರಿಯು ಕೆಳಬೆನ್ನಿನ ಮೊದಲ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿ ಮುಗಿದು, ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ನರಗಳ ಗೊಂಚಲಾಗಿ ಇಳಿಯುತ್ತದೆ. ದೊಡ್ಡ ಪ್ರಮಾಣದಲ್ಲಿ ಹೊರಚಾಚಿದ ಡಿಸ್ಕ್ ಅಥವಾ ಬೇರಾವುದೋ ಗಡ್ಡೆ ಈ ಗೊಂಚಲನ್ನು ಅದುಮಿದರೆ ಮೂತ್ರ ಕಟ್ಟಿಕೊಳ್ಳುತ್ತದೆ ಅಥವಾ ಅರಿವಿಲ್ಲದೆ ಸೋರುತ್ತದೆ, ಮಲದ ಮೇಲಿನ ಹಿಡಿತ ತಪ್ಪುತ್ತದೆ, ಕುದುರೆಯ ಮೇಲೆ ಕುಳಿತಾಗ ಜೀನಿಗೆ ತಾಗುವ ಭಾಗವೆಲ್ಲ, ಎಂದರೆ ಗುದ, ಜನನಾಂಗ ಮತ್ತು ಒಳತೊಡೆಗಳು, ಮರಗಟ್ಟುತ್ತವೆ, ಎರಡೂ ಕಾಲುಗಳು ಬಲಹೀನವಾಗುತ್ತವೆ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ಅದೇ ಗಂಟೆಯಲ್ಲಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ತಡವಾದಷ್ಟೂ ಮೂತ್ರ ಮತ್ತು ಮಲದ ನಿಯಂತ್ರಣ ಮರಳಿ ಬರುವ ಸಾಧ್ಯತೆ ಕಡಿಮೆಯಾಗುತ್ತದೆ. ಸಂಕೋಚದಿಂದ ಇದನ್ನು ಹೇಳದೆ ಉಳಿಯುವವರು ಇರುವುದರಿಂದ ಇಷ್ಟು ಬಿಡಿಸಿ ಬರೆದಿದ್ದೇನೆ.

ಬೆನ್ನುನೋವಿನ ಜೊತೆ ಜ್ವರ ಅಥವಾ ಚಳಿನಡುಕ ಇದ್ದರೆ ಮೂಳೆ ಅಥವಾ ಡಿಸ್ಕಿನ ಸೋಂಕನ್ನು ಶಂಕಿಸಬೇಕಾಗುತ್ತದೆ. ಹಿಂದೆ ಕ್ಯಾನ್ಸರ್ ಇದ್ದವರಲ್ಲಿ ಹೊಸದಾಗಿ ಬಂದ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಕಡಿಮೆಯಾಗದೆ ರಾತ್ರಿಯಿಡೀ ಕಾಡುವ ನೋವು, ಇವನ್ನು ಒಂದು ವಾರವೂ ಕಡೆಗಣಿಸಬಾರದು. ಎತ್ತರದಿಂದ ಬಿದ್ದವರಲ್ಲಿ ಅಥವಾ ಅಪಘಾತಕ್ಕೆ ಸಿಕ್ಕವರಲ್ಲಿ ಮೂಳೆ ಮುರಿದಿರಬಹುದು. ಮೂಳೆ ಸವೆತವಿರುವ ವಯೋವೃದ್ಧರಲ್ಲಿ, ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ಸೇವಿಸಿದವರಲ್ಲಿ ಕೆಮ್ಮು ಅಥವಾ ಸಣ್ಣ ಎಡವುವಿಕೆಯೂ ಬೆನ್ನುಮಣಿಯನ್ನು ಕುಸಿಯುವಂತೆ ಮಾಡಬಲ್ಲದು. ವಯಸ್ಸಾದವರಲ್ಲಿ, ಅದರಲ್ಲೂ ಧೂಮಪಾನಿಗಳಲ್ಲಿ, ಹೊಟ್ಟೆಯಿಂದ ಬೆನ್ನಿಗೆ ಚುಚ್ಚುವಂತೆ ಒಮ್ಮೆಲೇ ಬಂದ ತೀವ್ರ ನೋವು ಮತ್ತು ತಲೆಸುತ್ತು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಸೀಳಿಕೆಯ ಸೂಚನೆಯಾಗಿರಬಹುದು. ಅದೂ ತುರ್ತು ಸ್ಥಿತಿಯೇ.

ಎರಡನೆಯ ಹೆಜ್ಜೆ: ನೋವಿನ ಬಗೆಯನ್ನು ಗುರುತಿಸುವುದು

ಮೇಲಿನ ಲಕ್ಷಣಗಳು ಇಲ್ಲವೆಂದಾದರೆ ಮನಸ್ಸಿಗೆ ಸ್ವಲ್ಪ ನಿರಾಳ. ಈಗ ನೋವನ್ನು ಸಮಾಧಾನದಿಂದ ಗಮನಿಸಬೇಕು. ಎಲ್ಲಿ ಆರಂಭವಾಗಿ ಎಲ್ಲಿಯವರೆಗೆ ಹೋಗುತ್ತದೆ, ಯಾವ ಹೊತ್ತಿನಲ್ಲಿ ಹೆಚ್ಚು, ಕುಳಿತರೆ ಹೇಗೆ, ನಡೆದರೆ ಹೇಗೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರ ಅನೇಕ ವೇಳೆ ಸ್ಕ್ಯಾನಿಗಿಂತ ಹೆಚ್ಚು ಹೇಳುತ್ತದೆ.

ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ನೋವು ಸ್ನಾಯು, ಮೂಳೆಗಳನ್ನು ಜೋಡಿಸುವ ಅಸ್ಥಿಬಂಧ, ಸಣ್ಣ ಕೀಲು ಮತ್ತು ಡಿಸ್ಕುಗಳ ಸಾಮಾನ್ಯ ನೋವು. ಇಂತಹದೇ ಜಾಗ ಎಂದು ಯಾವ ಪರೀಕ್ಷೆಯೂ ಬೆರಳಿಟ್ಟು ತೋರಿಸಲಾರದು. ಅದು ಪಕ್ಕೆಲುಬಿನ ಕೆಳಗಿನಿಂದ ಪೃಷ್ಠದವರೆಗೆ ಹರಡಿರುತ್ತದೆ, ಕೆಲವೊಮ್ಮೆ ತೊಡೆಗೂ ಇಳಿಯುತ್ತದೆ, ಭಂಗಿ ಬದಲಾದಂತೆ ಹೆಚ್ಚು ಕಡಿಮೆಯಾಗುತ್ತದೆ. ಹೆಚ್ಚಿನವರಲ್ಲಿ ಇದು ಆರು ವಾರಗಳೊಳಗೆ ಬಹುಮಟ್ಟಿಗೆ ತಗ್ಗುತ್ತದೆ. ಹನ್ನೆರಡು ವಾರ ದಾಟಿದ ನೋವನ್ನು ದೀರ್ಘಕಾಲಿಕ ಎನ್ನುತ್ತಾರೆ.

ಎರಡನೆಯದು ನರದ ನೋವು. ಪೃಷ್ಠದಿಂದ ಹೊರಟು, ತೊಡೆಯ ಹಿಂಭಾಗ ಅಥವಾ ಪಕ್ಕವನ್ನು ಹಾದು, ಮೊಣಕಾಲಿನ ಕೆಳಗೆ ಮೀನಖಂಡ ಮತ್ತು ಪಾದದವರೆಗೆ ವಿದ್ಯುತ್ ಹರಿದಂತೆ ಚಳಕು ಹೊಡೆಯುತ್ತದೆ, ಜೊತೆಗೆ ಜೋಮು. ಕೆಮ್ಮಿದರೆ, ಸೀನಿದರೆ ನೋವು ಕಾಲಿಗೆ ಜಿಗಿಯುತ್ತದೆ. ಸಯಾಟಿಕಾ ಎಂದು ಜನ ಕರೆಯುವುದು ಇದನ್ನೇ. ಕೆಳಬೆನ್ನಿನ ಕೊನೆಯ ಎರಡು ಡಿಸ್ಕುಗಳೇ ಇದಕ್ಕೆ ಹೆಚ್ಚಾಗಿ ಕಾರಣ. ಮನೆಯಲ್ಲೇ ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ: ಗೋಡೆಯ ಪಕ್ಕದಲ್ಲಿ ಹತ್ತು ಹೆಜ್ಜೆ ಹಿಮ್ಮಡಿಯ ಮೇಲೆ, ಇನ್ನು ಹತ್ತು ಹೆಜ್ಜೆ ತುದಿಗಾಲಲ್ಲಿ ನಡೆದು ನೋಡುವುದು. ಹಿಮ್ಮಡಿಯ ಮೇಲೆ ನಡೆಯುವಾಗ ಒಂದು ಪಾದದ ಮುಂಭಾಗ ಕೆಳಗೆ ಬೀಳುತ್ತಿದ್ದರೆ, ಹೆಬ್ಬೆರಳನ್ನು ಮೇಲೆತ್ತಲು ಶಕ್ತಿ ಸಾಲದಿದ್ದರೆ, ಅಥವಾ ಒಂಟಿ ಕಾಲಿನ ತುದಿಯಲ್ಲಿ ನಿಲ್ಲಲು ಆಗದಿದ್ದರೆ ನರಕ್ಕೆ ಸಾಕಷ್ಟು ಒತ್ತಡ ಬಿದ್ದಿದೆಯೆಂದು ತಿಳಿದು ತಡಮಾಡದೆ ವೈದ್ಯರನ್ನು ಕಾಣಬೇಕು. ಬರಿಯ ನೋವಿಗಿಂತ ಬಲ ಕುಂದುವುದು ಗಂಭೀರ.

ನಡುವಯಸ್ಸು ದಾಟಿದವರಲ್ಲಿ ಕಾಣುವ ಇನ್ನೊಂದು ಬಗೆಯೆಂದರೆ ನರನಾಳದ, ಎಂದರೆ ಬೆನ್ನುಮೂಳೆಯೊಳಗೆ ನರಗಳು ಹಾದುಹೋಗುವ ಜಾಗದ, ಇಕ್ಕಟ್ಟು. ಸ್ವಲ್ಪ ದೂರ ನಡೆದೊಡನೆ ಎರಡೂ ಕಾಲುಗಳು ಭಾರವಾಗಿ ಸೆಳೆಯುತ್ತವೆ; ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ನಿಮಿಷಗಳಲ್ಲಿ ಸರಿಯಾಗುತ್ತದೆ. ತಳ್ಳುಗಾಡಿಯ ಮೇಲೆ ಬಾಗಿ ನಡೆಯುವಾಗ ಇವರಿಗೆ ಯಾವ ತೊಂದರೆಯೂ ಇರುವುದಿಲ್ಲ.

ಯುವಕರಲ್ಲಿ ತಪ್ಪಿಹೋಗುವ ಬಗೆಯೊಂದಿದೆ, ಅದನ್ನು ವಿಶೇಷವಾಗಿ ಹೇಳಬೇಕು. ನಲವತ್ತೈದರೊಳಗೆ ಮೆಲ್ಲಮೆಲ್ಲನೆ ಆರಂಭವಾಗಿ ಮೂರು ತಿಂಗಳು ದಾಟಿದ ನೋವು, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬಿಡದ ಬಿಗಿತ, ರಾತ್ರಿಯ ಉತ್ತರಾರ್ಧದಲ್ಲಿ ಎಚ್ಚರಗೊಳಿಸುವ ನೋವು, ವಿಶ್ರಾಂತಿಯಿಂದ ಹೆಚ್ಚಾಗಿ ಓಡಾಟದಿಂದ ಕಡಿಮೆಯಾಗುವ ಸ್ವಭಾವ, ಇವು ಬೆನ್ನುಮೂಳೆಯ ಉರಿಯೂತದ ಗುರುತು. ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಈ ಗುಂಪಿಗೆ ಸೇರಿದ ಕಾಯಿಲೆ. ಇದಕ್ಕೆ ಬೇರೆಯೇ ಔಷಧಗಳಿವೆ. ಸಂಧಿವಾತ ತಜ್ಞರನ್ನು ಬೇಗ ಕಂಡಷ್ಟೂ ಒಳ್ಳೆಯದು. ಕುಳಿತು ಕೆಲಸ ಮಾಡುವುದರಿಂದ ಬಂದ ನೋವೆಂದು ವರ್ಷಗಟ್ಟಲೆ ಸಮಾಧಾನಪಟ್ಟುಕೊಳ್ಳುವವರಲ್ಲಿ ಇಂತಹವರೂ ಇರುತ್ತಾರೆ.

ಬೆನ್ನಿನದ್ದೇ ಅಲ್ಲದ ನೋವು ಕೂಡ ಬೆನ್ನಿನಲ್ಲಿ ಕಾಣಿಸಿಕೊಳ್ಳಬಹುದು. ಮೂತ್ರಪಿಂಡದ ಕಲ್ಲಿನ ನೋವು ಒಂದು ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಇಳಿಯುತ್ತದೆ, ಯಾವ ಭಂಗಿಯಲ್ಲೂ ನೆಮ್ಮದಿ ಕೊಡುವುದಿಲ್ಲ.

ಮೂರನೆಯ ಹೆಜ್ಜೆ: ಮೊದಲ ಎರಡು ವಾರ

ಬೆನ್ನು ಹಿಡಿದುಕೊಂಡವರಿಗೆ ವಾರಗಟ್ಟಲೆ ಹಾಸಿಗೆ ಬಿಡಬೇಡಿ ಎಂದು ಹೇಳುವ ಕಾಲವೊಂದಿತ್ತು. 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ವೈದ್ಯ ರಿಚರ್ಡ್ ಡೇಯೊ ಮತ್ತು ಸಂಗಡಿಗರು ಎರಡು ದಿನ ಮಲಗುವಂತೆ ಸೂಚಿಸಿದವರನ್ನೂ ಏಳು ದಿನ ಮಲಗುವಂತೆ ಸೂಚಿಸಿದವರನ್ನೂ ಹೋಲಿಸಿದರು. ಎರಡು ದಿನದವರು ಕೆಲಸ ತಪ್ಪಿಸಿದ್ದು ಕಡಿಮೆ, ಚೇತರಿಕೆಯಲ್ಲಿ ಮಾತ್ರ ಹಿಂದೆ ಬೀಳಲಿಲ್ಲ. 1995ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದು ಇನ್ನೂ ಮುಂದೆ ಹೋಗಿ, ನೋವು ಬಿಟ್ಟುಕೊಟ್ಟಷ್ಟು ಮಟ್ಟಿಗೆ ಮಾಮೂಲಿ ಕೆಲಸಗಳನ್ನು ಮುಂದುವರಿಸಿದವರೇ ಮಲಗಿದವರಿಗಿಂತ ಬೇಗ ಸುಧಾರಿಸಿದರೆಂದು ತೋರಿಸಿತು. ಮಲಗಿದ ಬೆನ್ನಿನ ಸ್ನಾಯುಗಳು ದಿನದಿನಕ್ಕೂ ಸೊರಗುತ್ತವೆ, ಏಳುವ ಭಯ ಹೆಚ್ಚುತ್ತದೆ.

ಮೊದಲ ಒಂದೆರಡು ದಿನ ನೋವು ಅಸಹನೀಯವಾಗಿದ್ದರೆ ನೆಲದ ಮೇಲೆ ಅಂಗಾತ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು, ಸೊಂಟ ಮತ್ತು ಮೊಣಕಾಲುಗಳು ಲಂಬಕೋನಕ್ಕೆ ಬರುವಂತೆ ಹತ್ತು ಹದಿನೈದು ನಿಮಿಷ ಇರುವುದು ಬಹಳ ಮಂದಿಗೆ ಹಿತವೆನಿಸುತ್ತದೆ. ಹಾಸಿಗೆಯಿಂದ ಏಳುವಾಗ ನೇರವಾಗಿ ಎದೆಯನ್ನು ಮೇಲೆತ್ತಬಾರದು. ಮೊದಲು ಮೊಣಕಾಲು ಮಡಿಸಿ, ಭುಜ ಮತ್ತು ಸೊಂಟ ಒಟ್ಟಿಗೇ ತಿರುಗುವಂತೆ ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಸುತ್ತಲೇ ಕೈಯಿಂದ ಹಾಸಿಗೆಯನ್ನು ಒತ್ತಿ ಎದ್ದು ಕೂರಬೇಕು. ಓದುವಾಗ ಕ್ಷುಲ್ಲಕವೆನಿಸುವ ಈ ಕ್ರಮದ ಬೆಲೆ ಬೆಳಗಿನ ಜಾವ ಒಬ್ಬರೇ ಏಳಬೇಕಾದಾಗ ತಿಳಿಯುತ್ತದೆ.

ನಂತರ ನಡಿಗೆ. ಐದು ನಿಮಿಷದ ನಡಿಗೆಯನ್ನು ದಿನಕ್ಕೆ ಐದಾರು ಬಾರಿ, ಮನೆಯೊಳಗೇ ಆದರೂ ಸರಿ, ಮಾಡಬೇಕು. ಎರಡು ಮೂರು ದಿನಕ್ಕೊಮ್ಮೆ ಒಂದೆರಡು ನಿಮಿಷ ಏರಿಸುತ್ತಾ ಹೋಗಬೇಕು. ನಡೆದಾಗ ನೋವು ಸ್ವಲ್ಪ ಹೆಚ್ಚಿ, ಮರುದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಅದು ಹಾನಿಯಲ್ಲ. ನೋವು ಕಾಲಿನಲ್ಲಿ ಮತ್ತಷ್ಟು ಕೆಳಕ್ಕೆ ಇಳಿಯುತ್ತಿದ್ದರೆ ಆ ಚಟುವಟಿಕೆಯನ್ನು ತಗ್ಗಿಸಬೇಕು. ಇದಕ್ಕೆ ವಿರುದ್ಧವಾಗಿ, ಕಾಲಿನ ನೋವು ಪಾದದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಿಮ್ಮೆಟ್ಟುತ್ತಾ ಬಂದರೆ, ಸೊಂಟದ ನೋವು ಒಂದಿಷ್ಟು ಹೆಚ್ಚಿದಂತೆ ಅನಿಸಿದರೂ, ಅದು ಸುಧಾರಣೆಯ ಲಕ್ಷಣ. ಇದನ್ನು ತಿಳಿಯದವರು ಗುಣವಾಗುತ್ತಿರುವ ಹೊತ್ತಿನಲ್ಲೇ ಗಾಬರಿಗೊಂಡು ಮತ್ತೆ ಹಾಸಿಗೆ ಹಿಡಿಯುತ್ತಾರೆ.

ಸ್ನಾಯು ಸೆಟೆದುಕೊಂಡಿದ್ದರೆ ಚರ್ಮ ಸುಡದಷ್ಟು ಬಿಸಿಯ ಶಾಖವನ್ನು ಹದಿನೈದು ಇಪ್ಪತ್ತು ನಿಮಿಷ ಕೊಡಬಹುದು. ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿರುವವರು ಬಿಸಿನೀರಿನ ಚೀಲವನ್ನು ಬಳಸುವಾಗ ಬೇರೆಯವರಿಂದ ಬಿಸಿಯನ್ನು ಪರೀಕ್ಷಿಸಿಕೊಳ್ಳಬೇಕು. ಮಾತ್ರೆಗಳ ವಿಚಾರದಲ್ಲಿ, ಪ್ಯಾರಾಸಿಟಮಾಲ್ ತೀವ್ರ ಸೊಂಟನೋವಿನ ಚೇತರಿಕೆಯನ್ನು ಬೇಗನೆ ತರುವುದಿಲ್ಲವೆಂದು 2014ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಪ್ರಯೋಗವೊಂದು ಕಂಡುಕೊಂಡಿತು. ಐಬುಪ್ರೊಫೆನ್ ಬಗೆಯ ಉರಿಯೂತ ನಿವಾರಕಗಳಿಂದ ಒಂದಷ್ಟು ಪರಿಹಾರ ಸಿಗುತ್ತದೆ. ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅವನ್ನು ಮುಟ್ಟಬಾರದು. ಉಳಿದವರೂ ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ ತೆಗೆದುಕೊಳ್ಳಬೇಕು.

ಸ್ಕ್ಯಾನಿನ ಬಗ್ಗೆ ಒಂದು ಎಚ್ಚರಿಕೆ

ನೋವು ಬಂದ ಮೂರನೆಯ ದಿನವೇ ಎಂಆರ್‌ಐ ಮಾಡಿಸಬೇಕೆಂಬ ಆತುರ ಸಹಜ. ಹೆಚ್ಚಿನ ವೇಳೆ ಅದು ಉಪಯೋಗಕ್ಕಿಂತ ಚಿಂತೆಯನ್ನೇ ತರುತ್ತದೆ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯನ್ನು ಎಂಆರ್‌ಐಗೆ ಒಳಪಡಿಸಿದಾಗ 52 ಶೇಕಡಾ ಮಂದಿಯಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿರುವುದು ಕಂಡಿತು. ನೋವಿಲ್ಲದವರ ಮೇಲೆ ನಡೆದ ಅನೇಕ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಡಿಸ್ಕ್ ಸವೆತವು ಇಪ್ಪತ್ತರ ವಯಸ್ಸಿನವರಲ್ಲೇ 37 ಶೇಕಡಾ, ಎಂಬತ್ತರವರಲ್ಲಿ 96 ಶೇಕಡಾ ಇತ್ತು. ತಲೆಗೂದಲು ನರೆಯುವಂತೆ ಡಿಸ್ಕೂ ನರೆಯುತ್ತದೆ. ವರದಿಯಲ್ಲಿ ಸವೆತ, ಉಬ್ಬು ಎಂಬ ಪದಗಳನ್ನು ಓದಿದವರು ತಮ್ಮ ಬೆನ್ನು ಒಡೆದುಹೋದ ಪಾತ್ರೆಯೆಂದು ಭಾವಿಸಿ, ಬಗ್ಗುವುದನ್ನೂ ನಡೆಯುವುದನ್ನೂ ಬಿಟ್ಟುಬಿಡುತ್ತಾರೆ. ಆ ಬಿಡುವಿಕೆಯೇ ನೋವನ್ನು ಉಳಿಸುತ್ತದೆ. ಮೊದಲ ಹೆಜ್ಜೆಯಲ್ಲಿ ಹೇಳಿದ ಅಪಾಯದ ಲಕ್ಷಣಗಳಿದ್ದರೆ, ಕಾಲಿನ ಬಲ ಕುಂದುತ್ತಿದ್ದರೆ, ಅಥವಾ ಆರು ವಾರಗಳ ಸರಿಯಾದ ಆರೈಕೆಯ ನಂತರವೂ ಸುಧಾರಣೆ ಕಾಣದೆ ಶಸ್ತ್ರಚಿಕಿತ್ಸೆ ಅಥವಾ ಇಂಜೆಕ್ಷನ್ನಿನ ಯೋಚನೆ ಬಂದರೆ ಸ್ಕ್ಯಾನ್ ಅಗತ್ಯ. ಹೊರಚಾಚಿದ ಡಿಸ್ಕಿನ ತುಣುಕು ತಾನಾಗಿಯೇ ಕರಗಿ ಕುಗ್ಗುವುದು ಸಾಮಾನ್ಯ ಎಂಬುದನ್ನೂ ತಿಳಿದಿರಬೇಕು.

ನಾಲ್ಕನೆಯ ಹೆಜ್ಜೆ: ಏಳು ದಿನಗಳ ಟಿಪ್ಪಣಿ

ನೋವು ಅರ್ಧದಷ್ಟು ತಗ್ಗಿದ ಮೇಲೆ ಕಾರಣ ಹುಡುಕಲು ಒಳ್ಳೆಯ ಸಮಯ. ಒಂದು ಹಾಳೆಯಲ್ಲಿ ಏಳು ದಿನ ನಾಲ್ಕು ಸಂಗತಿಗಳನ್ನು ಬರೆಯಬೇಕು: ಒಂದೇ ಸಮನೆ ಅತಿ ಹೆಚ್ಚು ಹೊತ್ತು ಕುಳಿತದ್ದು ಎಷ್ಟು ನಿಮಿಷ, ನಡೆದದ್ದು ಎಷ್ಟು, ಎತ್ತಿದ ಅತಿ ದೊಡ್ಡ ಭಾರ ಯಾವುದು ಮತ್ತು ಹೇಗೆ, ರಾತ್ರಿ ನಿದ್ದೆ ಎಷ್ಟು ಗಂಟೆ. ಪಕ್ಕದಲ್ಲಿ ಅಂದಿನ ನೋವಿಗೆ ಹತ್ತರಲ್ಲಿ ಒಂದು ಅಂಕ. ವಾರದ ಕೊನೆಯಲ್ಲಿ ಈ ಹಾಳೆಯನ್ನು ನೋಡಿದರೆ ಪೆನ್ನು ನಿರಪರಾಧಿ ಎಂಬುದು ಸ್ಪಷ್ಟವಾಗುತ್ತದೆ.

ಭಾರ ಎತ್ತುವವರಲ್ಲಿ ಭಾರಕ್ಕಿಂತ ಹೆಚ್ಚಾಗಿ ಬಗ್ಗಿ ತಿರುಗುವ ಚಲನೆ ಕಾರಣವಾಗಿರುತ್ತದೆ. ವಾಹನ ಚಾಲಕರಲ್ಲಿ ಕುಳಿತುಕೊಳ್ಳುವುದರ ಜೊತೆಗೆ ಇಡೀ ಶರೀರಕ್ಕೆ ತಾಗುವ ಕಂಪನವೂ ಸೇರುತ್ತದೆ. ಧೂಮಪಾನವು ಡಿಸ್ಕಿಗೆ ಮೊದಲೇ ಕಡಿಮೆಯಿರುವ ಪೋಷಣೆಯನ್ನು ಮತ್ತಷ್ಟು ಕುಗ್ಗಿಸುತ್ತದೆ. ಹೊಟ್ಟೆಯ ಸುತ್ತಲಿನ ಹೆಚ್ಚಿನ ತೂಕ, ಗರ್ಭಾವಸ್ಥೆಯಲ್ಲಿ ಸಡಿಲಗೊಳ್ಳುವ ಅಸ್ಥಿಬಂಧಗಳು, ಖಿನ್ನತೆ, ಇಷ್ಟವಿಲ್ಲದ ಕೆಲಸದ ಒತ್ತಡ, ಇವೆಲ್ಲಕ್ಕೂ ಬೆನ್ನುನೋವಿನೊಡನೆ ಸಂಬಂಧವಿರುವುದು ಕಂಡುಬಂದಿದೆ. ಮನಸ್ಸಿನ ಕಾರಣ ಎಂದರೆ ನೋವು ಸುಳ್ಳು ಎಂದರ್ಥವಲ್ಲ. ನಿದ್ದೆಗೆಟ್ಟ, ಆತಂಕಗೊಂಡ ನರಮಂಡಲವು ಅದೇ ಸಂಕೇತವನ್ನು ಹೆಚ್ಚು ನೋವಾಗಿ ಗ್ರಹಿಸುತ್ತದೆ.

ಐದನೆಯ ಹೆಜ್ಜೆ: ಕೂರುವುದು, ಎತ್ತುವುದು, ಮಲಗುವುದು

ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನ್ಯಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿನೊಳಗೇ ಸೂಜಿಯಿಟ್ಟು ಒತ್ತಡವನ್ನು ಅಳೆದರು. ಅಂಗಾತ ಮಲಗಿದಾಗ ಅತಿ ಕಡಿಮೆ, ನಿಂತಾಗ ಅದಕ್ಕಿಂತ ಹೆಚ್ಚು, ಆಸರೆಯಿಲ್ಲದೆ ಮುಂದಕ್ಕೆ ಬಾಗಿ ಕುಳಿತಾಗ ಇನ್ನೂ ಹೆಚ್ಚು ಎಂಬುದು ಅವರಿಗೆ ಕಂಡಿತು. ಬೆನ್ನಿಗೆ ಆನಿಕೆ ಕೊಟ್ಟು ಆರಾಮವಾಗಿ ಕುಳಿತಾಗ ಒತ್ತಡ ಅಷ್ಟೇನೂ ಇರುವುದಿಲ್ಲವೆಂದು ನಂತರದ ಅಳತೆಗಳು ತೋರಿಸಿವೆ. ಇದರಿಂದ ನಾನು ಗ್ರಹಿಸುವುದು ಇಷ್ಟು: ಸೈನಿಕನಂತೆ ಸೆಟೆದು ಕೂರಬೇಕಾಗಿಲ್ಲ, ಆದರೆ ಆನಿಕೆ ಬೇಕು ಮತ್ತು ಬದಲಾವಣೆ ಬೇಕು. ಪಾದಗಳು ನೆಲಕ್ಕೆ ತಾಗಿರಲಿ. ತಾಗದಿದ್ದರೆ ಕಾಲಡಿಗೆ ಮಣೆಯಿಡಿ. ಸೊಂಟದ ಒಳಬಾಗಿಗೆ ಸುತ್ತಿದ ಟವೆಲ್ ಸಾಕು. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ, ಒಂದು ತೋಳಿನ ದೂರದಲ್ಲಿ ಇರಲಿ. ಹಿಂಬದಿಯ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಕೂರುವವರು ಅದನ್ನು ಹೊರತೆಗೆಯಲಿ. ಇಷ್ಟೆಲ್ಲ ಹೊಂದಿಸಿಕೊಂಡರೂ ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ನಡೆಯದಿದ್ದರೆ, ಅತ್ಯಂತ ದುಬಾರಿ ಕುರ್ಚಿಯೂ ಬೆನ್ನನ್ನು ಕಾಪಾಡಲಾರದು. ಫೋನ್ ಬಂದಾಗಲೆಲ್ಲ ನಿಂತು ಮಾತನಾಡುವುದು ಇದಕ್ಕೆ ಸುಲಭದ ಉಪಾಯ.

ಭಾರ ಎತ್ತುವಾಗ ವಸ್ತು ಶರೀರದಿಂದ ಎಷ್ಟು ದೂರವಿದೆ ಎಂಬುದೇ ಮುಖ್ಯ. ಚಾಚಿದ ಕೈಯಲ್ಲಿ ಹಿಡಿದ ಸಣ್ಣ ಭಾರ ಬೆನ್ನಿನ ಸ್ನಾಯುಗಳ ಪಾಲಿಗೆ ಅನೇಕ ಪಟ್ಟು ದೊಡ್ಡದಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸೂತ್ರವು ಎಲ್ಲವೂ ಅನುಕೂಲವಾಗಿದ್ದಾಗಲೂ 23 ಕಿಲೋ ಮೀರದಿರುವಂತೆ ಸೂಚಿಸುತ್ತದೆ. ವಸ್ತು ದೂರವಿದ್ದರೆ, ನೆಲಮಟ್ಟದಲ್ಲಿದ್ದರೆ, ತಿರುಗಿ ಎತ್ತಬೇಕಾಗಿದ್ದರೆ ಈ ಮಿತಿ ಬಹಳ ಕೆಳಗಿಳಿಯುತ್ತದೆ. ಎತ್ತುವ ಮೊದಲು ಸ್ವಲ್ಪ ನೂಕಿ ತೂಕವನ್ನು ಅಂದಾಜಿಸಬೇಕು, ಪಾದಗಳನ್ನು ಅಗಲಿಸಿ ವಸ್ತುವಿನ ಹತ್ತಿರಕ್ಕೆ ಹೋಗಬೇಕು, ಸೊಂಟ ಮತ್ತು ಮೊಣಕಾಲುಗಳನ್ನು ಮಡಿಸಿ ಅದನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು, ಉಸಿರು ಬಿಡುತ್ತಾ ಕಾಲಿನ ಬಲದಿಂದ ಏಳಬೇಕು. ತಿರುಗಬೇಕಾದಾಗ ನಡುವನ್ನು ತಿರುಚದೆ ಪಾದಗಳನ್ನೇ ಹೆಜ್ಜೆಹೆಜ್ಜೆಯಾಗಿ ತಿರುಗಿಸಬೇಕು. ಬಹಳ ಹೊತ್ತು ಕುಳಿತು ಎದ್ದ ಕೂಡಲೇ ಭಾರ ಎತ್ತದೆ ಒಂದೆರಡು ನಿಮಿಷ ಓಡಾಡುವುದು ಒಳ್ಳೆಯದು.

ಸೊಂಟಪಟ್ಟಿಯ ಮೇಲೆ ಅತಿಯಾದ ನಂಬಿಕೆ ಬೇಡ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲಿಕ ಸೊಂಟನೋವಿನ ಬಗ್ಗೆ ಹೊರತಂದ ಮಾರ್ಗಸೂಚಿಯು ಪಟ್ಟಿ, ಎಳೆತದ ಚಿಕಿತ್ಸೆ ಮತ್ತು ಅಫೀಮಿನ ವರ್ಗದ ನೋವು ನಿವಾರಕಗಳನ್ನು ದಿನನಿತ್ಯದ ಆರೈಕೆಗೆ ಸೂಚಿಸುವುದಿಲ್ಲ.

ಹಾಸಿಗೆ ಹಲಗೆಯಂತೆ ಗಟ್ಟಿಯಿರಬೇಕೆಂಬುದು ಹಳೆಯ ನಂಬಿಕೆ. ಸ್ಪೇನಿನಲ್ಲಿ 313 ಮಂದಿಯ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿತನದ ಹಾಸಿಗೆಯಲ್ಲಿ ಮಲಗಿದವರೇ ಹೆಚ್ಚು ಸುಧಾರಿಸಿದರು. ಮಗ್ಗುಲಲ್ಲಿ ಮಲಗುವವರು ಮೊಣಕಾಲುಗಳ ನಡುವೆ, ಅಂಗಾತ ಮಲಗುವವರು ಮೊಣಕಾಲುಗಳ ಕೆಳಗೆ ದಿಂಬಿಟ್ಟುಕೊಂಡರೆ ಸೊಂಟಕ್ಕೆ ಬಿಡುವು ಸಿಗುತ್ತದೆ. ಬೋರಲು ಮಲಗದೆ ನಿದ್ದೆಯೇ ಬಾರದವರು ಹೊಟ್ಟೆಯಡಿ ತೆಳು ದಿಂಬನ್ನು ಇಟ್ಟುಕೊಳ್ಳಬಹುದು.

ಆರನೆಯ ಹೆಜ್ಜೆ: ಬೆನ್ನಿಗೆ ಬಲ

ತಡೆಗಟ್ಟುವಿಕೆಯಲ್ಲಿ ಅತ್ಯಂತ ಗಟ್ಟಿಯಾದ ಆಧಾರವಿರುವುದು ವ್ಯಾಯಾಮಕ್ಕೇ. ಆಸ್ಟ್ರೇಲಿಯಾದಲ್ಲಿ, ಆಗಷ್ಟೇ ಸೊಂಟನೋವಿನಿಂದ ಚೇತರಿಸಿಕೊಂಡಿದ್ದ 701 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಂತಹಂತವಾಗಿ ನಡಿಗೆಯನ್ನು ಹೆಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿಗೆ ನೋವು ಮರುಕಳಿಸಲು 208 ದಿನ ಹಿಡಿದರೆ, ಯಾವ ಮಾರ್ಗದರ್ಶನವೂ ಇಲ್ಲದವರಲ್ಲಿ ಅರ್ಧದಷ್ಟು ಮಂದಿಗೆ 112 ದಿನ ಹಿಡಿಯಿತು. ಆರು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಮೂವತ್ತು ನಿಮಿಷದ ನಡಿಗೆಯನ್ನು ತಲುಪುವುದು ಅಲ್ಲಿನ ಗುರಿಯಾಗಿತ್ತು. ನಡಿಗೆಗೆ ಉಪಕರಣ ಬೇಡ, ಶುಲ್ಕವೂ ಇಲ್ಲ. ಬಹುಶಃ ಅದಕ್ಕೇ ಅದನ್ನು ಯಾರೂ ಚಿಕಿತ್ಸೆಯೆಂದು ಪರಿಗಣಿಸುವುದಿಲ್ಲ.

ನಡಿಗೆಯ ಜೊತೆಗೆ ವಾರದಲ್ಲಿ ಮೂರು ನಾಲ್ಕು ದಿನ ಮಾಡಬಹುದಾದ ಮೂರು ವ್ಯಾಯಾಮಗಳು ಇವು.

1. ಸೊಂಟ ಎತ್ತುವುದು: ಅಂಗಾತ ಮಲಗಿ ಮೊಣಕಾಲು ಮಡಿಸಿ, ಪಾದಗಳನ್ನು ನೆಲಕ್ಕೆ ಊರಿ, ಪೃಷ್ಠವನ್ನು ಬಿಗಿದು ಸೊಂಟವನ್ನು ಮೇಲೆತ್ತಬೇಕು. ಭುಜದಿಂದ ಮೊಣಕಾಲಿನವರೆಗೆ ಒಂದೇ ರೇಖೆ ಬಂದಾಗ ಐದು ಸೆಕೆಂಡು ನಿಲ್ಲಿಸಿ ಇಳಿಸಬೇಕು. ಎಂಟರಿಂದ ಹತ್ತು ಬಾರಿ.

2. ನಾಲ್ಕು ಕಾಲಿನ ಭಂಗಿ: ಅಂಗೈ ಮತ್ತು ಮೊಣಕಾಲುಗಳನ್ನು ಊರಿ, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ನೆಲಕ್ಕೆ ಸಮಾನಾಂತರವಾಗಿ ಚಾಚಬೇಕು. ಸೊಂಟದ ಮೇಲೆ ನೀರಿನ ಬಟ್ಟಲಿಟ್ಟರೂ ತುಳುಕದಷ್ಟು ನಿಶ್ಚಲವಾಗಿರಬೇಕು. ಎಂಟು ಸೆಕೆಂಡಿನ ನಂತರ ಕಡೆ ಬದಲಿಸಬೇಕು. ಪ್ರತಿ ಕಡೆಗೂ ಆರು ಬಾರಿ.

3. ಪಕ್ಕದ ಆಸರೆ: ಮಗ್ಗುಲಲ್ಲಿ ಮಲಗಿ, ಮೊಣಕಾಲು ಮಡಿಸಿ, ಮೊಣಕೈಯ ಮೇಲೆ ಭಾರವಿಟ್ಟು ಸೊಂಟವನ್ನು ನೆಲದಿಂದ ಎತ್ತಬೇಕು. ಎಂಟು ಸೆಕೆಂಡು, ಪ್ರತಿ ಕಡೆಗೂ ನಾಲ್ಕೈದು ಬಾರಿ. ಬಲ ಬಂದಂತೆ ಕಾಲುಗಳನ್ನು ನೀಳವಾಗಿಸಬಹುದು.

ಉಸಿರು ಬಿಗಿಹಿಡಿಯಬಾರದು. ವ್ಯಾಯಾಮ ಹೆಚ್ಚಿಸುವಾಗ ಮೊದಲು ಬಾರಿಗಳನ್ನು, ಆಮೇಲೆ ಸಮಯವನ್ನು ಏರಿಸುವುದು ಸುರಕ್ಷಿತ. ಈಜು, ಸೈಕಲ್, ಯೋಗ ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಹೆಚ್ಚಿನ ಬೆಲೆಯಿಲ್ಲ. ಆರು ತಿಂಗಳು ಬಿಡದೆ ಮಾಡಬಲ್ಲೆವೆನಿಸುವುದನ್ನು ಆರಿಸಿಕೊಂಡರೆ ಸಾಕು.

ಮರುಕಳಿಸಿದರೆ

ಒಮ್ಮೆ ಬಂದ ಬೆನ್ನುನೋವು ಒಂದೆರಡು ವರ್ಷಗಳಲ್ಲಿ ಮತ್ತೊಮ್ಮೆ ತಲೆಹಾಕುವುದು ಅಪರೂಪವಲ್ಲ; ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ. ಮೊದಲು ಅಪಾಯದ ಲಕ್ಷಣಗಳಿಲ್ಲವೆಂದು ಖಚಿತಪಡಿಸಿಕೊಂಡು, ಹಿಮ್ಮಡಿ ಮತ್ತು ತುದಿಗಾಲಿನ ಪರೀಕ್ಷೆಯನ್ನು ಮಾಡಿ, ಮೂರನೆಯ ಹೆಜ್ಜೆಯಿಂದ ಮತ್ತೆ ಆರಂಭಿಸಬೇಕು. ಹಳೆಯ ಏಳು ದಿನಗಳ ಟಿಪ್ಪಣಿಯನ್ನು ಉಳಿಸಿಕೊಂಡಿದ್ದರೆ ಹೊಸದನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು: ಹೆಚ್ಚಿನ ವೇಳೆ ನಡಿಗೆಯ ಅಂಕಣ ಖಾಲಿಯಾಗಿರುತ್ತದೆ, ಇಲ್ಲವೇ ನಿದ್ದೆಯದು ಕುಗ್ಗಿರುತ್ತದೆ. ಆರು ವಾರಗಳಲ್ಲಿ ಸುಧಾರಣೆ ಕಾಣದೆ ವೈದ್ಯರ ಬಳಿಗೆ ಹೋಗುವಾಗ ಸ್ಕ್ಯಾನ್ ವರದಿಗಳ ಕಂತೆಯ ಜೊತೆ ಆ ಎರಡು ಹಾಳೆಗಳನ್ನೂ ಒಯ್ಯಬೇಕು. ನೋವು ಎಂದು ಆರಂಭವಾಯಿತು, ಕಾಲಿನಲ್ಲಿ ಎಲ್ಲಿಯವರೆಗೆ ಇಳಿಯುತ್ತದೆ, ಯಾವ ಬೆರಳು ಮರಗಟ್ಟುತ್ತದೆ ಎಂಬುದನ್ನು ಅವುಗಳ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಪರೀಕ್ಷೆ ಮಾಡುವವರ ಕೆಲಸವೂ ಹಗುರವಾಗುತ್ತದೆ.